‘ಸೋಲರಿ’ವರೆಗೆ ಬಂದ ಕಲ್ಲು

ಒಪ್ಪಿಕೊಂಡಾಗ ಕೆಲಸ ಸುಲಭ ಎಂದೇ ಅನ್ನಿಸಿತ್ತು. ಹದಿಮೂರು ವರ್ಷ ಜಿಲ್ಲೆಯ ಪಟ್ಟವನ್ನು ಯಾರಿಗೂ ಬಿಟ್ಟುಕೊಡದ ಬಾಕ್ಸಿಂಗ್ ಚಾಂಪಿಯನ್ ಆಟ ನಿಲ್ಲಿಸಿದ್ದರು. ಕೋಲಾರದ ಆಟದ ಮೈದಾನದ ಗೋಡೆಯಲ್ಲಿ ಅವರ ಹೆಸರಿನ ಕಲ್ಲೊಂದನ್ನು ಕೂಡಿಸಬೇಕು ಎಂದು ಬಾಕ್ಸಿಂಗ್ ಸಂಘದವರು ತೀರ್ಮಾನಿಸಿದರು. ಹಳೆಯ ರಿಜಿಸ್ಟರುಗಳಿಂದ ಅವರ ಪಂದ್ಯಗಳ ಪಟ್ಟಿ ಮಾಡಬೇಕು, ಅವರ ಸಾಧನೆಯನ್ನು ತೂಗಿ ನೋಡಿ ನಾಲ್ಕು ಸಾಲಿಗೆ ಇಳಿಸಬೇಕು, ಆ ಸಾಲುಗಳನ್ನು ಕಲ್ಲಿನ ಅಳತೆಗೆ ಬರೆದುಕೊಡಬೇಕು. ಇಷ್ಟೂ ನನ್ನ ಪಾಲಿಗೆ ಬಂತು. ಆಗ ಎಂಬತ್ತರ ದಶಕ ಅರ್ಧ ಕಳೆದಿತ್ತು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬಾಕ್ಸಿಂಗಿನ ಓನಾಮವೂ ನನಗೆ ಗೊತ್ತಿರಲಿಲ್ಲ. ಮೈಸೂರಿನಿಂದ ವರ್ಗವಾಗಿ ಕೋಲಾರಕ್ಕೆ ಬಂದ ಹೊಸತರಲ್ಲಿ ಯಾರೋ ನನ್ನ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ ಎಂದರು. ಅಂದಿನಿಂದ ಪಂದ್ಯ ನಡೆದಾಗಲೆಲ್ಲ ರಿಂಗಿನ ಪಕ್ಕದ ಮೇಜಿನಲ್ಲಿ ಕೂತು ಫಲಿತಾಂಶ ಬರೆಯುವುದು ನನ್ನ ಕೆಲಸವಾಯಿತು. ಅಕ್ಷರ ಚೆನ್ನಾಗಿರುವವನು ಬರೆದದ್ದೆಲ್ಲ ಸರಿಯಾಗಿಯೇ ಇರುತ್ತದೆ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ.

ಸಂಘದ ಕಾರ್ಯದರ್ಶಿಗಳು ಅಕ್ಕಿ ಗಿರಣಿ ಇಟ್ಟುಕೊಂಡವರು, ಅವಸರದ ಮನುಷ್ಯ. “ಮೊದಲನೇ ಸಾಲು ನಾನೇ ಹೇಳ್ಬಿಡ್ತೀನಿ, ಬರ್ಕೊಳಿ ಮೇಷ್ಟ್ರೇ. ‘ಸೋಲರಿಯದ ಚಾಂಪಿಯನ್’. ಮಿಕ್ಕಿದ್ದು ನಿಮ್ಮಿಷ್ಟ,” ಎಂದರು. ಕಲ್ಲಿನ ಕೆಲಸ ನಿಧಾನ, ಮೊದಲ ಸಾಲಾದರೂ ಶುರುವಾಗಲಿ ಎಂದು ಅದನ್ನು ದೊಡ್ಡ ಹಾಳೆಯ ಮೇಲೆ ಬರೆದು ಶಿವಾರಪಟ್ಟಣದ ಶಿಲ್ಪಿಗೆ ಕೊಟ್ಟುಬಂದೆ. ಆಮೇಲೆ ರಿಜಿಸ್ಟರುಗಳನ್ನು ಬಿಚ್ಚಿದೆ. ಮೊದಲು ಪಟ್ಟಿ, ಆಮೇಲೆ ಹೊಗಳಿಕೆ ಎಂಬುದು ಸರಿಯಾದ ಕ್ರಮ. ನಾವು ತಲೆಕೆಳಗು ಮಾಡಿದ್ದೆವು.

ರಿಜಿಸ್ಟರುಗಳು ಸಂಘದ ಕೋಣೆಯ ಟ್ರಂಕಿನಲ್ಲಿದ್ದವು. ಎರಡಕ್ಕೆ ಗೆದ್ದಲು ಹಿಡಿದಿತ್ತು. ಉಳಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿಲಿಗೆ ಹರಡಿ, ಪ್ರತಿ ಪಂದ್ಯಕ್ಕೂ ಒಂದು ಚೀಟಿ ಮಾಡಿದೆ: ಎದುರಾಳಿಯ ಊರು, ಎಷ್ಟು ಸುತ್ತು, ಗೆದ್ದದ್ದು ಹೇಗೆ. ಗೆದ್ದಲು ತಿಂದ ಕಡೆ ಹಳೆಯ ಪತ್ರಿಕೆಯ ತುಣುಕುಗಳಿಂದ ತುಂಬಿಸಿದೆ. ಒಂದು ಕಡೆ ಒಂದೇ ಪಂದ್ಯ ಎರಡು ಬಾರಿ ಬರೆಯಲ್ಪಟ್ಟಿತ್ತು. ಇನ್ನೊಂದು ಕಡೆ ಎದುರಾಳಿ ಬಾರದೇ ಹೋದದ್ದನ್ನೂ ಗೆಲುವಿಗೆ ಸೇರಿಸಿದ್ದರು. ಅವನ್ನೆಲ್ಲ ಬೇರೆ ತೆಗೆದೆ.

ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಚಾಂಪಿಯನ್ನರ ಎದುರು ನಿಂತವರಲ್ಲಿ ಹೆಚ್ಚಿನವರು ಒಂದು ವರ್ಷ ಬಂದು ಮತ್ತೆ ಬಾರದವರು. ಬಹಳ ಜನ ಎರಡನೇ ಸುತ್ತು ದಾಟಿರಲಿಲ್ಲ. ಇವರು ದೊಡ್ಡ ಆಟಗಾರರೋ, ಇಲ್ಲ ಸಾಟಿಯಿಲ್ಲದ ಕಾಲದಲ್ಲಿ ಆಡಿದವರೋ? ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಮೂರು ಸುತ್ತೂ ಸಮಸಮವಾಗಿ ನಿಂತು, ಮೂವರು ತೀರ್ಪುಗಾರರನ್ನು ಎರಡು ಪಾಲು ಮಾಡಿದ ಎದುರಾಳಿ ಒಬ್ಬನೇ ಒಬ್ಬ, ಶ್ರೀನಿವಾಸಪುರದವನು. ಪಟ್ಟ ಬಂದ ನಾಲ್ಕನೇ ವರ್ಷದ ಪಂದ್ಯ ಅದು. ಚಾಂಪಿಯನ್ನರನ್ನು ತೂಗುವುದಾದರೆ ಆ ಒಂದು ಪಂದ್ಯದಲ್ಲೇ ತೂಗಬೇಕು ಎಂದುಕೊಂಡು ಆ ಪುಟ ತೆಗೆದೆ.

ನನ್ನದೇ ಮುತ್ತಿನಂಥ ಅಕ್ಷರ. ಮೊದಲನೇ ತೀರ್ಪುಗಾರ: ನೀಲಿ. ಎರಡನೇ ತೀರ್ಪುಗಾರ: ಕೆಂಪು. ಮೂರನೇ ತೀರ್ಪುಗಾರ: ಎಡ. ಕೆಳಗೆ, ವಿಜೇತ: ನೀಲಿ.

ಆ ದಿನ ನಡೆದದ್ದನ್ನು ಇಲ್ಲಿ ಬಿಡಿಸಿ ಹೇಳಬೇಕು. ಆಟಗಾರರಲ್ಲಿ ಒಬ್ಬರಿಗೆ ಕೆಂಪು ಮೂಲೆ, ಇನ್ನೊಬ್ಬರಿಗೆ ನೀಲಿ ಮೂಲೆ. ಸೊಂಟಕ್ಕೂ ಅದೇ ಬಣ್ಣದ ಪಟ್ಟಿ. ಚಾಂಪಿಯನ್ನರದು ನೀಲಿ, ಶ್ರೀನಿವಾಸಪುರದವನದು ಕೆಂಪು. ರಿಂಗಿನ ಮೂರು ಬದಿಗೆ ಮೂವರು ತೀರ್ಪುಗಾರರು, ನಾಲ್ಕನೇ ಬದಿಗೆ ನನ್ನ ಮೇಜು. ತೀರ್ಪನ್ನು ಅಚ್ಚಾದ ಚೀಟಿಯಲ್ಲಿ ಬರೆದುಕೊಡಬೇಕು. ಆ ವರ್ಷ ಚೀಟಿಗಳು ಪ್ರೆಸ್ಸಿನಿಂದ ಬಂದೇ ಇರಲಿಲ್ಲ. ಹಾಗಾಗಿ ತೀರ್ಪುಗಾರರು ಒಬ್ಬೊಬ್ಬರಾಗಿ ಬಂದು ನನ್ನ ಕಿವಿಯಲ್ಲಿ ಬಣ್ಣ ಹೇಳಿ ಹೋಗುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು ಎಂಬುದು ನಿಯಮ. ಮೂರು ಮಾತೂ ಒಟ್ಟಿಗೆ ಸೇರಿದ್ದು ನನ್ನ ಕಿವಿಯಲ್ಲಿ ಮಾತ್ರ. ಜನರ ಗಲಾಟೆಯಲ್ಲಿ ಮೂರನೆಯವರು ಬಗ್ಗಿ ಏನೋ ಅಂದರು. ನನಗೆ ‘ಎಡ’ ಎಂದು ಕೇಳಿಸಿತು. ನಾನು ಕೂತ ಕಡೆಯಿಂದ ನೀಲಿ ಮೂಲೆ ಎಡಗಡೆಗಿತ್ತು. ಎರಡು ನೀಲಿ, ಒಂದು ಕೆಂಪು ಎಂದು ಕೂಡಿಸಿ ಕೊಟ್ಟೆ. ರೆಫರಿ ಚಾಂಪಿಯನ್ನರ ಕೈ ಎತ್ತಿದರು.

ಬಣ್ಣ ಹೇಳಬೇಕಾದ ಕಡೆ ದಿಕ್ಕನ್ನೇಕೆ ಹೇಳಿದರು ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆಯುವಷ್ಟು ತೆಲುಗು ಬರುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಕೋಲಾರದ ಸಂತೆ, ಮನೆ ಮಾಲೀಕರ ಹೆಂಡತಿ, ಪಕ್ಕದ ಮನೆ ಮಕ್ಕಳು ಎಲ್ಲರೂ ಸೇರಿ ನನಗೆ ತೆಲುಗು ಕಲಿಸಿದ್ದರು. ಮೊದಮೊದಲು ಮಾಲೀಕರ ಹೆಂಡತಿ “ಎರ್ರಗಡ್ಡ ತಗೊಂಡ್ಬನ್ನಿ” ಎಂದಾಗ ಯಾವ ಗೆಡ್ಡೆಯೋ ತಿಳಿಯದೆ ಮೂಲಂಗಿ ತಂದಿದ್ದೆ. ಎರ್ರಗಡ್ಡ ಎಂದರೆ ಈರುಳ್ಳಿ. ಎರ್ರ ಎಂದರೆ ಕೆಂಪು.

ರಿಜಿಸ್ಟರು ತೊಡೆಯ ಮೇಲಿತ್ತು. ಮೂರನೇ ತೀರ್ಪುಗಾರರು ಮುಳಬಾಗಿಲಿನವರು, ಮನೆಮಾತು ತೆಲುಗು ಎಂಬುದು ನೆನಪಾಯಿತು. ನನಗೆ ಭಯವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಹಾಗಿರಲಾರದು ಎಂದು ನಾಲ್ಕು ದಿನ ನನ್ನನ್ನೇ ಸಮಾಧಾನ ಮಾಡಿಕೊಂಡೆ. ನಮ್ಮ ಶಾಲೆಯ ಡ್ರಾಯಿಂಗ್ ಕೋಣೆಯ ಕಿಟಕಿ ಮೈದಾನದ ಕಡೆಗಿದೆ. ದಿನವೂ ಡ್ರಿಲ್ ಮೇಷ್ಟ್ರು ಮಕ್ಕಳನ್ನು ನಡೆಸುತ್ತಿದ್ದರು: ಎಡ, ಬಲ, ಎಡ, ಬಲ. ವರ್ಷಗಟ್ಟಲೆ ಕೇಳಿದ ಕೂಗು. ಈಗ ಪ್ರತಿ ‘ಎಡ’ಕ್ಕೂ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಿಲ್ಲುತ್ತಿತ್ತು. ಕಿಟಕಿ ಮುಚ್ಚಿದೆ. ಮುಚ್ಚಿದರೂ ಕೇಳುತ್ತಿತ್ತು. ಐದನೇ ದಿನ ರಜೆ ಹಾಕಿ ಮುಳಬಾಗಿಲಿನ ಬಸ್ಸು ಹತ್ತಿದೆ.

ಮೂರನೇ ತೀರ್ಪುಗಾರರು ಮಿಲಿಟರಿಯಲ್ಲಿದ್ದು ಬಾಕ್ಸಿಂಗ್ ಕಲಿತು ಬಂದವರು. ಕುರುಡುಮಲೆ ಗಣಪತಿಗೆ ಹೋಗಿದ್ದಾರೆ, ಕೂತ್ಕೊಳ್ಳಿ ಎಂದು ಮನೆಯವರು ಜಗಲಿ ತೋರಿಸಿದರು. ಅವರು ಬಂದು, ಪ್ರಸಾದದ ಕಡಲೆ ಕೈಗೆ ಹಾಕಿ, ಪಕ್ಕದಲ್ಲಿ ಕೂತರು. ನಾನು ಏನನ್ನೂ ಸೂಚಿಸದೆ, ಆ ಪಂದ್ಯದಲ್ಲಿ ನೀವು ಯಾರನ್ನು ಗೆಲ್ಲಿಸಿದಿರಿ ಎಂದು ಮಾತ್ರ ಕೇಳಿದೆ.

“ಆ ಶ್ರೀನಿವಾಸಪುರದ ಹುಡುಗನ್ನ ಕದಾ, ಇನ್ಯಾರನ್ನ,” ಎಂದರು ತಕ್ಷಣ. “ಎರಡನೇ ಸುತ್ತು, ಮೂರನೇ ಸುತ್ತು ಎರಡೂ ಅವನದೇ. ಮಿಕ್ಕ ಇಬ್ರು ಚಾಂಪಿಯನ್ ಕಡೆ ಹೋದ್ರು, ನಾನೊಬ್ನೇ ಏನ್ ಮಾಡ್ಲಿ?”

“ನನ್ನ ಹತ್ರ ಬಂದು ಏನಂದ್ರಿ, ನೆನಪಿದೆಯಾ?”

“ಇನ್ನೇನಂತೀನಿ. ಎರ್ರ ಅಂದೆ.”

ನಾನು ರಿಜಿಸ್ಟರು ತೆರೆದು ಆ ಸಾಲಿನ ಕೆಳಗೆ ಬೆರಳಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮೊದಲು ನಕ್ಕರು. “ಎಡ ಅಂತ ನಾನ್ಯಾಕಂತೀನಿ ಮೇಷ್ಟ್ರೇ, ಎಡಬಲ ಯಾರಾದ್ರೂ...” ಎಂದವರು ಮೇಲಿನ ಎರಡು ಸಾಲನ್ನೂ ಓದಿ ‘ಕೆಂಪು’ ಎಂಬಲ್ಲಿ ಬೆರಳಿಟ್ಟರು. ಆಮೇಲೆ ಕನ್ನಡಕ ತೆಗೆದು ಮಡಿಚಿದರು.

“ಇಷ್ಟು ವರ್ಷ ನಾನೊಬ್ನೇ ಬೇರೆ ನೋಡಿದೆ ಅನ್ಕೊಂಡಿದ್ದೆ,” ಎಂದರು. “ಕಣ್ಣು ಹೋಯ್ತು ಅನ್ಕೊಂಡು ಮುಂದಿನ ವರ್ಷ ತೀರ್ಪಿಗೆ ಬರೋದೇ ಬಿಟ್ಟೆ.”

ಅವರು ಬಿಟ್ಟದ್ದು ನನಗೆ ಗೊತ್ತಿತ್ತು. ವಯಸ್ಸಾಯಿತೆಂದು ಬಿಟ್ಟರು ಎಂದು ನಾವು ಅಂದುಕೊಂಡಿದ್ದೆವು.

ಮಾರನೆಯ ದಿನ ಗಿರಣಿಗೆ ಹೋಗಿ ಕಾರ್ಯದರ್ಶಿಗಳಿಗೆ ಎಲ್ಲ ಹೇಳಿದೆ. ಅವರು ತೌಡಿನ ಧೂಳು ಕೊಡವಿಕೊಳ್ಳುತ್ತ ಕೇಳಿದರು. “ಇಷ್ಟು ವರ್ಷ ನಿದ್ದೆ ಮಾಡಿ ಈಗ ಎದ್ರಾ ಮೇಷ್ಟ್ರೇ? ರಿಜಿಸ್ಟರಲ್ಲಿ ವಿಜೇತ ಯಾರು ಅಂತಿದೆ? ನೀಲಿ. ಮುಗೀತು. ಚಾಂಪಿಯನ್ನರಿಗೆ ಚಿನ್ನದ ಗಣಿ ಧೂಳು ಕುಡಿದು ಉಸಿರು ಹೋಗ್ತಾ ಬರ್ತಾ ಇದೆ. ಇರೋ ಗೌರವ ಕಿತ್ಕೊಳ್ಳೋಕೆ ಹೋಗ್ತೀರಾ?”

ಆ ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ಕಲ್ಲಿನ ಮೇಲೆ ‘ಸೋಲರಿಯದ’ ಎಂದು ಬಂದರೆ ನನ್ನ ತಪ್ಪು ಕಲ್ಲಾಗಿ ಉಳಿಯುತ್ತದೆ. ಬಾರದಿದ್ದರೆ ಸಾಯುವ ಹೊತ್ತಿನಲ್ಲಿ ಒಬ್ಬ ಮನುಷ್ಯನಿಂದ ಅವನ ಹೆಸರನ್ನೇ ಕಸಿದ ಹಾಗೆ. ಎರಡೂ ಕಡೆ ಅನ್ಯಾಯ, ಎರಡಕ್ಕೂ ನಾನೇ ಕಾರಣ. ಮೊದಲು ಯಾರಿಗೆ ಅನ್ಯಾಯವಾಗಿತ್ತೋ ಅವನನ್ನೇ ಕೇಳುವುದು ಎಂದು ಶ್ರೀನಿವಾಸಪುರಕ್ಕೆ ಹೊರಟೆ.

ಅದು ಮಾವಿನ ಸುಗ್ಗಿ. ಬಸ್ಸಿಳಿದರೆ ಊರೆಲ್ಲ ಹುಲ್ಲು, ಹಣ್ಣು, ಲಾರಿ. ಮಂಡಿಯಲ್ಲಿ ಕೇಳಿದೆ. ಕಾಯಿ ವಿಂಗಡಿಸುವವರ ಸಾಲಿನ ಕೊನೆಯಲ್ಲಿ ಅವನಿದ್ದ. ಭುಜ ಈಗಲೂ ಅಗಲ, ಕೂದಲು ಅರ್ಧ ಬಿಳಿ. ಪಕ್ಕದವರು ಕಾಯಿ ಮುಟ್ಟಿದ ಕೂಡಲೇ ಇತ್ತ ಒಂದು, ಅತ್ತ ಒಂದು ಎಂದು ಎಸೆಯುತ್ತಿದ್ದರು. ಅವನು ಒಂದನ್ನು ಹಿಡಿದು, ಒತ್ತಿ, ಮೂಸಿ, ಪಕ್ಕದ ಹೆಂಗಸಿಗೆ ತೋರಿಸುತ್ತಿದ್ದ. “ಇದು ಎಲ್ಲಿಗಕ್ಕ?” ಅವಳು ಬೇಸರವಿಲ್ಲದೆ ಗಲ್ಲದಲ್ಲೇ ಜಾಗ ತೋರಿಸುತ್ತಿದ್ದಳು. “ಏನ್ಲಾ, ಇಷ್ಟು ವರ್ಷ ಆಯ್ತು, ಇನ್ನೂ ಕೇಳ್ತೀಯ,” ಎಂದು ಮಂಡಿಯವನೊಬ್ಬ ಛೇಡಿಸಿದ. ಅವನು ನಕ್ಕ.

ಮಂಡಿಯ ಹಿಂದಿನ ಹುಣಸೆ ಮರದ ಕೆಳಗೆ ಕೂತು ಹೇಳಿದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ, ಚೀಟಿ ಬಾರದೇ ಇದ್ದದ್ದು, ಗಲಾಟೆ, ನನ್ನ ತೆಲುಗು ಎಂದೆಲ್ಲ ಸುತ್ತಿದೆ. ಕೊನೆಗೆ, ಗೆದ್ದದ್ದು ನೀವು, ಸೋಲಿಸಿದ್ದು ನಾನು ಎಂದೆ.

ಅವನು ಕೈಯ ಗೆಣ್ಣು ನೋಡಿಕೊಂಡ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ಸಾರ್, ಅವತ್ತು ಮೂರನೇ ಬೆಲ್ಲು ಹೊಡೆದಾಗ ಗೆದ್ದೆ ಅಂತ ನನ್ ಮೈಗೆ ಗೊತ್ತಿತ್ತು,” ಎಂದ. “ನಮ್ಮಮ್ಮನ್ ಕಡೆ ತಿರುಗಿ ನಕ್ಕೂಬಿಟ್ಟಿದ್ದೆ. ಆಮೇಲೆ ಅವರ ಕೈ ಎತ್ತಿದ್ರು. ಮೋಸ ಅಂತ ಅನ್ನಿಸ್ಲಿಲ್ಲ ಸಾರ್. ನನ್ ಮೈನೇ ನಂಗೆ ಸುಳ್ಳು ಹೇಳ್ತು ಅನ್ಕೊಂಡೆ. ಅವತ್ತಿಂದ ಅದರ ಮಾತು ನಾನು ನಂಬ್ಲಿಲ್ಲ.”

“ಮತ್ತೊಂದ್ಸಲ ಆಡಬಹುದಿತ್ತಲ್ಲ.”

“ಎರಡ್ಸಲ ಕಾಗದ ಬರೆಸ್ದೆ, ಇನ್ನೊಂದು ಪಂದ್ಯ ಕೊಡಿ ಅಂತ. ಚಾಂಪಿಯನ್ ಕಡೆಯಿಂದ ಉತ್ತರ ಬರ್ಲಿಲ್ಲ.”

ಕಲ್ಲಿನ ಮೇಲೆ ಏನು ಬರೆಯಲಿ ಎಂದು ಕೇಳಿದೆ. “ಅದು ಅವರ ಕಲ್ಲು. ಅವರನ್ನೇ ಕೇಳಿ,” ಎಂದ. ಎದ್ದು ಹೋಗುವಾಗ ದಾರಿಯಲ್ಲಿ ಬಿದ್ದಿದ್ದ ಬಾದಾಮಿ ಮಾವಿನಕಾಯಿಯೊಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದ. “ಇದು ಎರಡು ದಿನಕ್ಕೆ ಹಣ್ಣಾಗುತ್ತೆ,” ಎಂದು ನನ್ನ ಚೀಲಕ್ಕೆ ಹಾಕಿದ. ಯಾರನ್ನೂ ಕೇಳಲಿಲ್ಲ. ನಾನು ಬಸ್ಸಿನಲ್ಲಿ ಕೂತು ಅತ್ತೆ.

ಚಾಂಪಿಯನ್ನರು ಗಣಿ ಕೆಲಸ ಬಿಟ್ಟು ಕೋಲಾರದಲ್ಲಿ ಮಗಳ ಮನೆಯಲ್ಲಿದ್ದರು. ಮಾರನೆಯ ಸಂಜೆ ಹೋದೆ. “ಅಪ್ಪನ್ನ ಜಾಸ್ತಿ ಮಾತಾಡಿಸ್ಬೇಡಿ ಮೇಷ್ಟ್ರೇ, ಕೆಮ್ಮು ಶುರುವಾದ್ರೆ ನಿಲ್ಲಲ್ಲ,” ಎಂದು ಮಗಳು ಬಾಗಿಲಲ್ಲೇ ಹೇಳಿದಳು. ಪಂದ್ಯಗಳಲ್ಲಿ ಗೆದ್ದ ಕಪ್ಪುಗಳು ಗೋಡೆಯ ಗೂಡಿನಲ್ಲಿ ಸಾಲಾಗಿದ್ದವು. ಅವರು ದಿಂಬಿಗೆ ಒರಗಿ ಕೂತಿದ್ದರು. ಇವರಿಗೆ ಹೇಳದೆ ಹಿಂದಿರುಗಿಬಿಡಲೇ ಎಂದು ಕಾಫಿ ಮುಗಿಯುವವರೆಗೂ ಯೋಚಿಸಿದೆ. ಅವರೇ ಕೇಳಿದರು: “ಕಲ್ಲಿನ್ ವಿಷಯ ಬಂದಿದ್ದೀರಾ?”

ಹೇಳಿದೆ. ಈ ಬಾರಿ ಸುತ್ತಲಿಲ್ಲ.

“ಅವನ್ ಹತ್ರ ಹೋಗಿದ್ರಾ? ಏನಂದ?”

ಕಾಗದದ ವಿಷಯ ಬಿಟ್ಟು ಮಿಕ್ಕದ್ದನ್ನು ಹೇಳಿದೆ. ಅವರೇ ಅದನ್ನು ತೆಗೆದರು. “ಎರಡು ಕಾಗದ ಬರೆದಿದ್ದ. ಹೇಳ್ಲಿಲ್ವಾ? ಆ ಪಂದ್ಯ ಆದ್ಮೇಲೆ ಮೂರು ದಿನ ನನ್ ಮೂತ್ರದಲ್ಲಿ ರಕ್ತ ಹೋಯ್ತು. ಹೆಂಡ್ತಿಗೂ ಹೇಳ್ಲಿಲ್ಲ. ಗೆದ್ದೋನಿಗೆ ಯಾಕಪ್ಪಾ ಇಷ್ಟು ನೋವು ಅನ್ಕೊಂಡೆ. ಆಮೇಲೆ ಕಾಗದ ಬಂತು. ಇನ್ನೊಂದ್ಸಲ ಅವನ್ ಮುಂದೆ ನಿಂತ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿತ್ತು. ಕಾಗದ ಹರಿದ್ಹಾಕ್ದೆ. ನೀವು ಬರೆದಿದ್ದು ತಪ್ಪು ಮೇಷ್ಟ್ರೇ. ನಾನು ಗೊತ್ತಿದ್ದೇ ಮಾಡಿದೆ. ಅದು ತಪ್ಪಲ್ಲ, ಬೇರೆ.”

ಕೆಮ್ಮು ಬಂತು. ಮಗಳು ನೀರು ತಂದಳು. ಅದು ಇಳಿದ ಮೇಲೆ ನಾನು, ಕಲ್ಲಿನ ಮೇಲೆ ‘ಸೋಲರಿಯದ’ ಎಂದು ಬರೆಯಲು ಕೊಟ್ಟಿದ್ದೇನೆ, ಏನು ಮಾಡಲಿ ಎಂದೆ.

“ಹಂಗಂದ್ರೆ ಸೋಲು ಗೊತ್ತಿಲ್ದೋನು ಅಂತ ತಾನೇ?” ಎಂದರು. “ಗೊತ್ತಿಲ್ದೆ ಏನು. ಅದಕ್ಕೆ ಹೆದರ್ಕೊಂಡೇ ಒಂಬತ್ತು ವರ್ಷ ಆಡಿದೀನಿ. ನೋಡಿ, ಏನ್ ಬರೀತೀರೋ ಬರೀರಿ. ನಾನು ಕನ್ನಡ ಒಂದೊಂದಕ್ಷರ ಕೂಡಿಸಿ ಓದ್ತೀನಿ. ಸುಳ್ಳಿದ್ರೆ ಅಲ್ಲೇ ಗೊತ್ತಾಗುತ್ತೆ.”

ಶಿವಾರಪಟ್ಟಣಕ್ಕೆ ಹೋದದ್ದು ಅದರ ಮರುದಿನ. ಆ ಊರಿನಲ್ಲಿ ಬೆಳಗಾಗುವುದೇ ಉಳಿ ಸುತ್ತಿಗೆಯ ಸದ್ದಿನಿಂದ. ಅರ್ಧ ಮುಗಿದ ಈಶ್ವರ, ಮುಖವಿಲ್ಲದ ಅಮ್ಮನವರು, ಅವರ ನಡುವೆ ನಮ್ಮ ಕಲ್ಲು ಗೋಡೆಗೆ ಒರಗಿತ್ತು. ಉಬ್ಬಕ್ಷರದ ಕೆಲಸ: ಅಕ್ಷರದ ಸುತ್ತ ಕಲ್ಲು ತೆಗೆದು ಅಕ್ಷರವನ್ನು ಉಳಿಸುವುದು. ಶಿಲ್ಪಿ ಮೇಲಿನ ಪುಡಿ ಊದಿ ತೋರಿಸಿದರು. ಹೆಸರಾಗಿತ್ತು. ಅದರ ಕೆಳಗೆ ‘ಸೋಲರಿ’ ಎಂಬಲ್ಲಿಗೆ ಉಳಿ ನಿಂತಿತ್ತು. ಮುಂದಿನ ‘ಯದ’ ಇನ್ನೂ ಬರಿಯ ದಿಮ್ಮಿ, ಮೇಲೆ ಕೆಮ್ಮಣ್ಣಿನ ಗೆರೆ ಅಷ್ಟೇ.

“ನಿನ್ನೆಯೇ ಮುಗೀಬೇಕಿತ್ತು. ಅಮಾವಾಸ್ಯೆ ಅಂತ ಉಳಿ ಮುಟ್ಲಿಲ್ಲ,” ಎಂದರು ಶಿಲ್ಪಿ.

ಇದನ್ನು ಬದಲಾಯಿಸಬಹುದೇ ಎಂದು ಕೇಳಿದೆ. ಅವರು ಬೆರಳಿನಿಂದ ಕಲ್ಲು ತಟ್ಟಿದರು. “ಕೆತ್ತಿರೋದನ್ನ ತೆಗೀಬೋದು, ತೆಗೆದಿರೋದನ್ನ ಸೇರ್ಸೋಕೆ ನಮ್ಮ ತಾತನ್ ಕೈಲೂ ಆಗಲ್ಲ. ಸೋಲರಿ ಅನ್ನೋದನ್ನ ಬಿಟ್ಟು ಮುಂದಕ್ಕೆ ಏನ್ ಬೇಕಾದ್ರೂ ಹೇಳಿ. ಕಾರ್ಯದರ್ಶಿಗಳಿಗೆ ಗೊತ್ತಾ?”

“ನನಗೆ ಗೊತ್ತು,” ಎಂದೆ.

ಆ ಕಲ್ಲಿನ ಮುಂದೆ ಕೂತ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ಅಕ್ಷರಗಳನ್ನು ಜೀವನವಿಡೀ ಚೆಂದಕ್ಕೆ ನೋಡಿದವನು ನಾನು. ಮೊದಲ ಬಾರಿಗೆ ಅರ್ಥಕ್ಕೆ ನೋಡಿದೆ. ಸೋಲರಿಯದ ಎಂದರೆ ಸೋಲು ತಿಳಿಯದವನು. ಅದೇ ‘ಸೋಲರಿ’ಯ ಮುಂದೆ ಒಂದು ‘ತ’ ಹಾಕಿದರೆ ಸೋಲರಿತ, ಸೋಲನ್ನು ತಿಳಿದವನು. ಬಯ್ಗುಳವಲ್ಲ, ಹೊಗಳಿಕೆಯೂ ಅಲ್ಲ. ಹದಿಮೂರು ವರ್ಷ ಆಡಿ, ಕೊನೆಗೆ ದಿಂಬಿಗೊರಗಿ ಕೂತು ಆ ಮಾತು ಹೇಳಿದ ಮನುಷ್ಯನಿಗೆ ಅದಕ್ಕಿಂತ ಸರಿಯಾದ ತೂಕ ನನಗೆ ಸಿಗಲಿಲ್ಲ.

ಒದ್ದೆ ಬಟ್ಟೆಯಲ್ಲಿ ‘ಯದ’ ಒರೆಸಿದೆ. ಕೆಮ್ಮಣ್ಣು ತೇದು ‘ತ’ ಬರೆದೆ. ಎರಡಕ್ಷರದ ಜಾಗಕ್ಕೆ ಒಂದೇ ಅಕ್ಷರವಾದ್ದರಿಂದ ಅಗಲ ಮಾಡಬೇಕಾಯಿತು. ಈಗಲೂ ನೋಡಿದರೆ ಆ ಒಂದಕ್ಷರ ಮಿಕ್ಕವುಗಳಿಗಿಂತ ದಪ್ಪ. ನನ್ನ ಕೈಯಿಂದ ಬಂದ ಅತಿ ಕೆಟ್ಟ ಅಕ್ಷರ ಅದು. ಮನೆಗೆ ಬಂದು ರಿಜಿಸ್ಟರಿನ ಆ ಪುಟದ ಕೆಳಗೆ ಕೆಂಪು ಇಂಕಿನಲ್ಲಿ, ಮೂರನೇ ತೀರ್ಪುಗಾರರು ಹೇಳಿದ್ದು ಎರ್ರ, ಎಡ ಎಂದು ಬರೆದದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿದೆ. ಕಾರ್ಯದರ್ಶಿಗಳು ಎಷ್ಟೋ ದಿನದ ಮೇಲೆ ಎರಡನ್ನೂ ಕಂಡು ಆ ಮೇಜಿನಿಂದ ನನ್ನನ್ನು ತೆಗೆದರು. ಅದರಲ್ಲಿ ಅವರ ತಪ್ಪಿಲ್ಲ.

ಕಲ್ಲು ತೆರೆದ ದಿನ ಮೈದಾನದಲ್ಲಿ ಇನ್ನೂರು ಜನರಿದ್ದರು. ಚಾಂಪಿಯನ್ನರು ಮಗಳ ಭುಜ ಹಿಡಿದು ಬಂದರು. ಕಾರ್ಯದರ್ಶಿಗಳು ಬಟ್ಟೆ ಸರಿಸಿ, ಕಲ್ಲಿನ ಕಡೆ ನೋಡದೆ ಮೈಕಿನ ಮುಂದೆ ಹೋಗಿ ಜೇಬಿನ ಚೀಟಿ ತೆಗೆದು ಓದತೊಡಗಿದರು. “ಸೋಲರಿಯದ ಚಾಂಪಿಯನ್...” ಜನ ಚಪ್ಪಾಳೆ ತಟ್ಟಿದರು.

ಚಾಂಪಿಯನ್ನರು ಕಲ್ಲಿನ ಹತ್ತಿರ ಹೋಗಿ ತಮ್ಮ ಮುರಿದು ಕೂಡಿದ ಬೆರಳನ್ನು ಅಕ್ಷರದ ಮೇಲಿಟ್ಟರು. “ಸೋ. ಲ. ರಿ.” ಬೆರಳು ನಿಂತಿತು. ಆ ದಪ್ಪ ಅಕ್ಷರದ ಸುತ್ತ ಒಂದು ಸುತ್ತು ಹಾಕಿ “ತ” ಎಂದರು. ಮೊದಲಿನಿಂದ ಇನ್ನೊಮ್ಮೆ ಕೂಡಿಸಿ ಓದಿದರು. ತಿರುಗಿ ನನ್ನನ್ನು ನೋಡಿದರು.

“ಅವನು ಬಂದಿದಾನಾ?”

ಬಂದಿದ್ದ. ಜನರ ಹಿಂದೆ, ಬೇಲಿಗೆ ಒರಗಿ ನಿಂತಿದ್ದ. ಪಕ್ಕದಲ್ಲಿ ಒಂದು ಮಾವಿನ ಬುಟ್ಟಿ.

“ಯಾವ್ ಕಡೆ?”

ಹೇಳಲು ಬಾಯಿ ತೆರೆದೆ. ಒಂದೇ ಮಾತು, ಅಂದು ರಿಜಿಸ್ಟರಿನಲ್ಲಿ ಬರೆದ ಅದೇ ಎರಡಕ್ಷರ. ಹೊರಗೆ ಬರಲಿಲ್ಲ. ಕೈಯೆತ್ತಿ ತೋರಿಸಿದೆ.

ಅವರು ಮಗಳ ಭುಜ ಬಿಟ್ಟು ಒಬ್ಬರೇ ನಡೆದು ಹೋದರು. ಜನ ದಾರಿ ಬಿಟ್ಟರು. ಅವರಿಬ್ಬರೂ ಏನು ಮಾತಾಡಿದರೋ ಮೈಕಿನ ಗದ್ದಲದಲ್ಲಿ ನನಗೆ ಕೇಳಲಿಲ್ಲ. ತೀರ್ಪು ಹೇಳುವ ಮುನ್ನ ರೆಫರಿ ಹಿಡಿಯುವ ಹಾಗೆ ಚಾಂಪಿಯನ್ನರು ಅವನ ಮುಂಗೈ ಹಿಡಿದದ್ದು ಕಂಡಿತು. ಮೇಲೆತ್ತಿದರು. ಭುಜದ ಎತ್ತರಕ್ಕೆ ಹೋಗುವಷ್ಟರಲ್ಲಿ ಕೆಮ್ಮು ಬಂದು ಬಗ್ಗಿದರು. ಕೈ ಮಾತ್ರ ಬಿಡಲಿಲ್ಲ. ಮಿಕ್ಕ ಎತ್ತರಕ್ಕೆ ಅವನೇ ಎತ್ತಿಕೊಂಡ.